ಹಳೆಯ, ಪೆಟ್ಟಾದ ಸರ್ಫ್‌ಬೋರ್ಡ್ ಸರಿಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಗಿ, 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆದ ಮೇಲೆ ನಮ್ಮ ಕರಾವಳಿಯಲ್ಲಿ ಅಲೆ ಏರುವವರು ಹೆಚ್ಚಾದರು. ಅವರ ಜೊತೆ ಹಳೆಯ ಬೋರ್ಡುಗಳೂ ಕೈಯಿಂದ ಕೈಗೆ ದಾಟತೊಡಗಿದವು. ಯಾರೋ ಮಾರಿದ್ದು, ಹೊರದೇಶದವರು ಊರಿಗೆ ಹೊರಡುವಾಗ ಬಿಟ್ಟುಹೋದದ್ದು, ಹೋಂಸ್ಟೇ ಹಿತ್ತಲಲ್ಲಿ ಬಿಸಿಲು ಮಳೆ ತಿಂದು ಬಿದ್ದಿದ್ದದ್ದು. ಇಂಥ ಬೋರ್ಡುಗಳಲ್ಲಿ ಬಹುಪಾಲು ಇನ್ನೂ ವರ್ಷಗಟ್ಟಲೆ ಅಲೆ ಏರಬಲ್ಲವು. ಅವಸರ ಮಾಡದವರ ಕೈಗೆ ಸಿಗಬೇಕು, ಅಷ್ಟೆ.

ನನಗೆ ಸಿಕ್ಕ ಬೋರ್ಡ್ ಉಳಿಸಲು ಯೋಗ್ಯವೇ?

ಮೊದಲು ಅದನ್ನು ಎರಡು ಸ್ಟೂಲಿನ ಮೇಲಿಟ್ಟು, ಬಾಲದ ಕಡೆಯಿಂದ ಒಂದು ಕಣ್ಣು ಮುಚ್ಚಿ ನಡುವಿನ ಮರದ ಪಟ್ಟಿಯುದ್ದಕ್ಕೂ ನೋಡಿ. ಸರ್ಫರುಗಳು ಇದನ್ನು ಸ್ಟ್ರಿಂಗರ್ ಎನ್ನುತ್ತಾರೆ. ಅದು ನೆಟ್ಟಗಿದ್ದರೆ ಅರ್ಧ ಭರವಸೆ ಬಂತು. ಆಮೇಲೆ ಒಂದು ನಾಣ್ಯ ಹಿಡಿದು ಇಡೀ ಮೈಯನ್ನು ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಕ್ ಟಕ್ ಎಂದು ಚುರುಕಾಗಿ ಕೇಳುತ್ತದೆ. ಬೋರ್ಡಿನ ಒಳಗೆ ಹಗುರವಾದ ಫೋಮ್, ಅದರ ಮೇಲೆ ಗಾಜಿನ ನಾರಿನ ಬಟ್ಟೆಗೆ ರೆಸಿನ್ ಎಂಬ ಗಟ್ಟಿಯಾಗುವ ಅಂಟು ಹಾಕಿ ಮಾಡಿದ ಪದರ ಇರುತ್ತದೆ. ಈ ಗಾಜಿನ ಪದರ ಫೋಮಿನಿಂದ ಬಿಟ್ಟುಕೊಂಡಿರುವ ಕಡೆ ಸದ್ದು ಡೊಳ್ಳಾಗುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗಿ ಮೇಲೆ ಬರುತ್ತದೆ. ಅಂಥ ಜಾಗಕ್ಕೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಳ್ಳಿ.

ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಹೀಗೆ ಬಿಟ್ಟಿದ್ದರೆ, ಅಥವಾ ಒಳಗಿನ ಫೋಮ್ ಕೊಳೆತು ಬೆರಳಿಗೆ ಕೆಸರಿನಂತೆ ಸಿಗುತ್ತಿದ್ದರೆ, ಆ ಬೋರ್ಡನ್ನು ನೀರಿಗಿಳಿಸುವ ಆಸೆ ಬಿಡಿ. ಮೂಗು ಮುರಿದಿದ್ದರೆ, ಅಂಚು ಒಡೆದಿದ್ದರೆ, ಬಾಲದಡಿಯ ರೆಕ್ಕೆ, ಅಂದರೆ ಫಿನ್, ಕಿತ್ತುಹೋಗಿದ್ದರೆ, ಕೊನೆಗೆ ಎರಡು ತುಂಡಾಗಿದ್ದರೂ ದಾರಿ ಇದೆ.

ಒಳಗೆ ಯಾವ ಫೋಮ್ ಇದೆ ಎಂದು ಹೇಗೆ ತಿಳಿಯುವುದು?

ಇದನ್ನು ತಿಳಿಯದೆ ರೆಸಿನ್ ಡಬ್ಬಿ ತೆರೆಯಲೇಬೇಡಿ. ಬೋರ್ಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪಾಲಿಯುರೆಥೇನ್ ಫೋಮ್, ಅದರ ಮೇಲೆ ಪಾಲಿಯೆಸ್ಟರ್ ರೆಸಿನ್. ಇನ್ನೊಂದು ಇಪಿಎಸ್, ಎಂದರೆ ನಾವು ಥರ್ಮೋಕೋಲ್ ಎನ್ನುವ ಪದಾರ್ಥವೇ, ಅದರ ಮೇಲೆ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸುತ್ತದೆ. ತೂತು ಮುಚ್ಚಲು ಹೋಗಿ ಒಳಗೆ ಗುಹೆಯೇ ಆಗುತ್ತದೆ.

ಒಡೆದ ಜಾಗದಲ್ಲಿ ಇಣುಕಿ ನೋಡಿ. ಸಾಬಕ್ಕಿಯಂಥ ಕಾಳುಗಳು ಕಂಡರೆ ಇಪಿಎಸ್. ನುಣ್ಣನೆಯ ಪುಡಿಯಾಗಿ ಉದುರಿದರೆ ಪಾಲಿಯುರೆಥೇನ್. ಅನುಮಾನ ಉಳಿದರೆ ಒಂದು ಚೂರು ಫೋಮನ್ನು ಸ್ಟೀಲ್ ಚಮಚದಲ್ಲಿಟ್ಟು ಎರಡು ಹನಿ ಅಸಿಟೋನ್ ಹಾಕಿ. ಇಪಿಎಸ್ ಆದರೆ ನೋಡನೋಡುತ್ತಲೇ ಕುಗ್ಗಿ ಅಂಟಾಗುತ್ತದೆ, ಪಾಲಿಯುರೆಥೇನ್ ಹಾಗೇ ಕೂತಿರುತ್ತದೆ.

ಎಪಾಕ್ಸಿ ಎರಡೂ ಜಾತಿಗೆ ಆಗುತ್ತದೆ. ಆದರೆ ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಗೊತ್ತಾಗದೇ ಹೋದರೆ ಎಪಾಕ್ಸಿಯನ್ನೇ ಬಳಸಿ.

ಬೋರ್ಡ್ ಎಷ್ಟು ಹಳೆಯದೆಂದು ಅಂದಾಜಿಸಬಹುದೇ?

ಸ್ವಲ್ಪ ಮಟ್ಟಿಗೆ. ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ 1950ರ ದಶಕದ ಕೊನೆಯಲ್ಲಿ ಪಾಲಿಯುರೆಥೇನ್ ಫೋಮಿನ ಬೋರ್ಡನ್ನು ಬಳಕೆಗೆ ತಂದರು. ಅದಕ್ಕೆ ಮೊದಲು ಬಾಲ್ಸಾ ಮರ. 1960ರ ದಶಕದವು 9–10 ಅಡಿ ಉದ್ದ, ಭಾರ, ಬಾಲದಲ್ಲಿ ಒಂದೇ ದೊಡ್ಡ ಫಿನ್. ಆಗಿನ ವೋಲನ್ ಎಂಬ ದಪ್ಪ ಗಾಜಿನ ಬಟ್ಟೆಯಿಂದಾಗಿ ಪದರದ ಮೇಲೆ ಪದರ ಬಿದ್ದ ಅಂಚುಗಳಲ್ಲಿ ತೆಳು ಹಸಿರು ಛಾಯೆ ಕಾಣುತ್ತದೆ. 1967ರಿಂದಾಚೆ ಬೋರ್ಡುಗಳು ಸರಸರನೆ ಗಿಡ್ಡವಾದವು. ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ರೂಢಿಗೆ ಬಂದದ್ದು 1970ರ ದಶಕದಲ್ಲಿ. ಹಾಗಾಗಿ ಲೀಶ್ ಸಿಕ್ಕಿಸುವ ಬಟ್ಟಲೇ ಇಲ್ಲದ ಬೋರ್ಡ್ ಅದಕ್ಕಿಂತ ಹಿಂದಿನದಿರಬಹುದು. ಮೂರು ಫಿನ್ ಇದ್ದರೆ ಅದು ಆಸ್ಟ್ರೇಲಿಯಾದ ಸೈಮನ್ ಆ್ಯಂಡರ್ಸನ್ 1981ರಲ್ಲಿ ಆ ಮಾದರಿಯಲ್ಲಿ ಗೆದ್ದು ತೋರಿಸಿದ ಮೇಲಿನದು ಎನ್ನಬಹುದು.

ನಮ್ಮ ಕಡೆ ಸಿಗುವವು ಹೆಚ್ಚಾಗಿ ಇತ್ತೀಚಿನವೇ. ಆದರೂ ಒಮ್ಮೆ ಪರೀಕ್ಷಿಸಿ.

ನಿಜವಾಗಿಯೂ ಹಳೆಯದಾದರೆ ಹೊಸದರಂತೆ ಮಿಂಚಿಸಲೇ?

ಬೇಡ. ಇದು ನಾನು ಒತ್ತಿ ಹೇಳುವ ಮಾತು. ಹಳದಿಗಟ್ಟಿದ ಮೈ, ಗಾಜಿನ ಪದರದಡಿ ಕೂತಿರುವ ತಯಾರಕರ ಲಾಂಛನ, ಸ್ಟ್ರಿಂಗರ್ ಪಕ್ಕ ಪೆನ್ಸಿಲ್‌ನಲ್ಲಿ ಬರೆದ ಅಳತೆ ಮತ್ತು ಸಹಿ, ಇವೇ ಆ ಬೋರ್ಡಿನ ಗುರುತು. ಸಂಗ್ರಾಹಕರು ಬೆಲೆ ಕಟ್ಟುವುದೂ ಇದಕ್ಕೇ. ಉಜ್ಜಿ ಬಿಳಿ ಬಣ್ಣ ಬಳಿದರೆ ಆ ಗುರುತು ಮತ್ತೆ ಬರುವುದಿಲ್ಲ. ನೀರು ಒಳಹೋಗುವ ತೂತು ಮುಚ್ಚಿ, ಬಿಟ್ಟುಕೊಂಡ ಪದರ ಅಂಟಿಸಿ, ಉಳಿದದ್ದನ್ನು ಹಾಗೇ ಬಿಡಿ. ಕೆಲಸಕ್ಕೆ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ.

ಒಣಗಿಸುವುದು ಹೇಗೆ, ಎಷ್ಟು ದಿನ?

ದುರಸ್ತಿಯ ಅರ್ಧ ಕೆಲಸ ಇದೇ. ಬಹಳ ಮಂದಿ ಸೋಲುವುದೂ ಇಲ್ಲೇ. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ನಿಂತಿರುತ್ತದೆ. ಅದರ ಮೇಲೆ ರೆಸಿನ್ ಹಾಕಿದರೆ ನೀರನ್ನು ನಾವೇ ಬೀಗ ಹಾಕಿ ಒಳಗಿಟ್ಟಂತೆ. ಮುಂದಿನ ಬೇಸಿಗೆಗೆ ಅದು ಬಿಸಿಯಾಗಿ ಪಕ್ಕದ ಪದರವನ್ನೂ ಎಬ್ಬಿಸುತ್ತದೆ.

ಮೊದಲು ಒಡೆದ ಜಾಗಕ್ಕೆ ಸಿಹಿನೀರು ಬಿಟ್ಟು ಉಪ್ಪು ತೊಳೆಯಿರಿ. ಉಪ್ಪು ಉಳಿದರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ತೂತು ತೀರಾ ಸಣ್ಣದಿದ್ದರೆ ಸ್ವಲ್ಪ ಅಗಲ ಮಾಡಿ, ಸಡಿಲವಾದ ಗಾಜಿನ ಚೂರುಗಳನ್ನು ಕಿತ್ತುಹಾಕಿ. ಆಮೇಲೆ ತೂತು ಕೆಳಮುಖವಾಗಿ ಬರುವಂತೆ, ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡಿ. ಫ್ಯಾನ್ ಗಾಳಿ ಒಳ್ಳೆಯದು. ಸುಡುಬಿಸಿಲು, ಮುಚ್ಚಿದ ಕಾರು, ತಗಡಿನ ಶೆಡ್ ಬೇಡವೇ ಬೇಡ. ಒಳಗಿನ ಗಾಳಿ, ನೀರಾವಿ ಹಿಗ್ಗಿ ಮೇಲ್ಪದರ ಗುಳ್ಳೆ ಏಳುತ್ತದೆ.

ಎಷ್ಟು ದಿನ ಎಂಬುದಕ್ಕೆ ಕ್ಯಾಲೆಂಡರ್ ನೋಡಬೇಡಿ, ತಕ್ಕಡಿ ನೋಡಿ. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಹಳೆ ಪಂಚೆಯ ಕುಣಿಕೆಯಲ್ಲಿ ಬೋರ್ಡ್ ನೇತುಹಾಕಿ ತೂಗಿ, ತೂಕ ಮತ್ತು ತಾರೀಕನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಬೋರ್ಡಿಗೇ ಅಂಟಿಸಿ. ಎರಡು ದಿನಕ್ಕೊಮ್ಮೆ ಹೀಗೆ ಮಾಡಿ. ಮೊದಮೊದಲು ತೂಕ ಬೇಗ ಇಳಿಯುತ್ತದೆ, ಆಮೇಲೆ ನಿಧಾನ, ಕೊನೆಗೆ ನಿಲ್ಲುತ್ತದೆ. ಒಂದು ವಾರ ಅದೇ ತೂಕ ತೋರಿಸಿದರೆ ಒಣಗಿದೆ ಎಂದರ್ಥ. ಪಾಲಿಯುರೆಥೇನ್ ಸಾಮಾನ್ಯವಾಗಿ ನೀರನ್ನು ನಿಧಾನಕ್ಕೆ ಕುಡಿಯುತ್ತದೆ. ಇಪಿಎಸ್ ಆದರೆ ಕಾಳುಗಳ ಸಂದಿಯಲ್ಲಿ ನೀರು ದೂರದವರೆಗೆ ಹರಿದಿರುತ್ತದೆ, ತಿಂಗಳು ಹಿಡಿದರೂ ಅಚ್ಚರಿಯಿಲ್ಲ.

ಮಳೆಗಾಲದಲ್ಲಿ ಕೆಲಸ ಮಾಡಬಹುದೇ?

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಬೋರ್ಡ್ ಒಣಗುವುದು ಕಷ್ಟ. ಆ ತೇವದಲ್ಲಿ ಎಪಾಕ್ಸಿಯ ಮೇಲೆ ಜಿಡ್ಡಿನ ಪದರ ಕೂರುವುದೂ ಉಂಟು. ಹಾಗಾದರೆ ಸಾಬೂನು ನೀರಿನಿಂದ ತೊಳೆದು, ಒರೆಸಿ, ಆಮೇಲೆ ಉಜ್ಜಬೇಕು. ಮಳೆ ತಿಂಗಳುಗಳನ್ನು, ಕಾಲು ಜಾರದಿರಲೆಂದು ಬೋರ್ಡಿಗೆ ಹಚ್ಚಿದ್ದ ಮೇಣ, ಅಂದರೆ ವ್ಯಾಕ್ಸ್, ತೆಗೆಯಲು, ಸಾಮಾನು ಹೊಂದಿಸಲು ಇಟ್ಟುಕೊಳ್ಳಿ. ರೆಸಿನ್ ಕೆಲಸ ನವೆಂಬರ್ ಮೇಲೆ.

ಹಳೆ ವ್ಯಾಕ್ಸ್ ಹೇಗೆ ತೆಗೆಯುವುದು?

ಬೆಳಗಿನ ಎಳೆಬಿಸಿಲಿನಲ್ಲಿ ಐದು ನಿಮಿಷ ಇಟ್ಟು, ಹಳೆ ಎಟಿಎಂ ಕಾರ್ಡಿನಿಂದ ಕೆರೆಯಿರಿ. ಉಳಿದ ಜಿಡ್ಡನ್ನು ಬಟ್ಟೆಗೆ ಟರ್ಪೆಂಟೈನ್ ಹಾಕಿ ಒರೆಸಿ, ಕೊನೆಗೆ ಒಣಬಟ್ಟೆ. ಒಡೆದ ಜಾಗದಲ್ಲಿ ಫೋಮ್ ಕಾಣುತ್ತಿದ್ದರೆ ಅಲ್ಲಿಗೆ ಟರ್ಪೆಂಟೈನ್ ತಾಗಿಸಬೇಡಿ. ವ್ಯಾಕ್ಸ್ ಪೂರ್ತಿ ಹೋಗುವ ಮೊದಲು ಸ್ಯಾಂಡ್ ಪೇಪರ್ ಹಿಡಿದರೆ ವ್ಯಾಕ್ಸ್ ಗಾಜಿನ ಎಳೆಗಳೊಳಗೇ ತುಂಬಿಕೊಳ್ಳುತ್ತದೆ, ರೆಸಿನ್ ಹಿಡಿಯುವುದಿಲ್ಲ.

ಸಾಮಾನೆಲ್ಲ ಎಲ್ಲಿ ಸಿಗುತ್ತದೆ? ಇಲ್ಲಿ ಸರ್ಫ್ ಅಂಗಡಿಗಳೇ ಕಡಿಮೆ.

ದೋಣಿ ಕಟ್ಟುವವರನ್ನು ಕೇಳಿ! ಮಲ್ಪೆ, ಮಂಗಳೂರಿನ ಕಡೆ ಫೈಬರ್ ದೋಣಿ ಕಟ್ಟುವ, ರಿಪೇರಿ ಮಾಡುವ ಕೆಲಸ ಇದ್ದೇ ಇದೆ. ಅವರಿಗೆ ಸಾಮಾನು ಒದಗಿಸುವ ಅಂಗಡಿಗಳಲ್ಲಿ ರೆಸಿನ್, ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್, ಗಾಜಿನ ಬಟ್ಟೆ, ರೋಲರ್ ಎಲ್ಲವೂ ಸಿಗುತ್ತವೆ. ಬೆಂಗಳೂರಿನಲ್ಲಿರುವವರು ಎಫ್‌ಆರ್‌ಪಿ (ಗಾಜಿನ ನಾರು ಸೇರಿದ ಪ್ಲಾಸ್ಟಿಕ್) ಸಾಮಾನು ಮಾರುವವರನ್ನು ಹುಡುಕಿ. ದೋಣಿ ಕೆಲಸದವರ ಜೊತೆ ಒಂದು ಮಧ್ಯಾಹ್ನ ಕೂತರೆ ಅವರ ಕೈ ಬ್ರಷ್ ಹಿಡಿಯುವ ರೀತಿಯಿಂದಲೇ ಎಷ್ಟೋ ಕಲಿಯಬಹುದು.

ಒಂದು ವ್ಯತ್ಯಾಸ ನೆನಪಿಡಿ. ದೋಣಿಗೆ ಹಾಕುವುದು ಚಾಪೆಯಂತೆ ಎಳೆಗಳು ಅಡ್ಡಾದಿಡ್ಡಿ ಹರಡಿದ ಮ್ಯಾಟ್. ಅದು ರೆಸಿನ್ ಬಹಳ ಕುಡಿಯುತ್ತದೆ, ಭಾರವಾಗುತ್ತದೆ. ಬೋರ್ಡಿಗೆ ಬೇಕಾದ್ದು ನೇಯ್ದ ಬಟ್ಟೆ. ಸರ್ಫ್ ಲೋಕದಲ್ಲಿ 4 ಔನ್ಸ್, 6 ಔನ್ಸ್ ಎನ್ನುವುದನ್ನು ಇಲ್ಲಿನ ಅಂಗಡಿಯಲ್ಲಿ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ) ಲೆಕ್ಕದಲ್ಲಿ ಕೇಳಬೇಕು: 4 ಔನ್ಸ್ ಅಂದರೆ ಸುಮಾರು 135, 6 ಔನ್ಸ್ ಅಂದರೆ ಸುಮಾರು 200.

ಅಂಗಡಿಯವರು ರೆಸಿನ್ ಜೊತೆ ಎರಡು ಬಾಟಲಿ ಕೊಟ್ಟರು. ಎರಡನ್ನೂ ಬೆರೆಸಬೇಕೇ?

ದಯವಿಟ್ಟು ಇದನ್ನು ಎರಡು ಸಲ ಓದಿ. ಇವು ಪಾಲಿಯೆಸ್ಟರ್ ರೆಸಿನ್‌ನವು. ನೇರಳೆ ಬಣ್ಣದ್ದು ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್, ನೀರಿನಂತಿರುವುದು ಎಂಇಕೆಪಿ ಎಂಬ ಹಾರ್ಡ್‌ನರ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಸೇರಿಸಿದರೆ ಬೆಂಕಿ ಹೊತ್ತಬಹುದು, ಸಿಡಿಯಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಕಬೇಕು. ಬಳಸುವ ಹೊತ್ತಿಗೆ, ಬೇಕಾದಷ್ಟನ್ನು ಬೇರೆ ಕಪ್ಪಿಗೆ ತೆಗೆದುಕೊಂಡು ಹಾರ್ಡ್‌ನರ್ ಹಾಕಬೇಕು. ಕೆಲವು ರೆಸಿನ್‌ಗಳಲ್ಲಿ ಕೋಬಾಲ್ಟ್ ಮೊದಲೇ ಬೆರೆತಿರುತ್ತದೆ, ಕೇಳಿ ಖಚಿತ ಮಾಡಿಕೊಳ್ಳಿ. ಎರಡೂ ಬಾಟಲಿಗಳನ್ನು ಬೇರೆ ಬೇರೆ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಹಾರ್ಡ್‌ನರ್ ರೆಸಿನ್‌ನ ತೂಕದ ಶೇ. 1ರಿಂದ 2ರಷ್ಟು. ನಮ್ಮ ಸೆಖೆಗೆ ಶೇ. 1 ಸಾಕು, ಅಂದರೆ 100 ಗ್ರಾಂ ರೆಸಿನ್‌ಗೆ ಸುಮಾರು 1 ಮಿ.ಲೀ. ಎಂಇಕೆಪಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕಣ್ಣು ಪೂರ್ತಿ ಮುಚ್ಚುವ ಸುರಕ್ಷಾ ಕನ್ನಡಕ ಹಾಕದೆ ಆ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಎಪಾಕ್ಸಿಗೆ ಈ ಲೆಕ್ಕ ನಡೆಯದು. ಡಬ್ಬಿಯ ಮೇಲೆ ಬರೆದ ಅನುಪಾತವೇ ಕೊನೆಯ ಮಾತು. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಹೆಚ್ಚು ಹಾಕಿದರೆ ಅದು ಗಟ್ಟಿಯಾಗದೇ ಉಳಿಯುತ್ತದೆ.

ಎಂ-ಸೀಲ್ ಹಚ್ಚಿದರೆ ಆಗದೇ?

ಅವತ್ತಿನ ಮಟ್ಟಿಗೆ ನೀರು ತಡೆಯಬಹುದು. ಆದರೆ ಅದು ಭಾರ, ಬೋರ್ಡ್ ಬಾಗಿದಂತೆ ತಾನು ಬಾಗುವುದಿಲ್ಲ. ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟು ನೀರು ಒಳಗಿಳಿಯುತ್ತದೆ. ಆಮೇಲೆ ಅದನ್ನು ಕೆತ್ತಿ ತೆಗೆಯುವುದೇ ಮೂಲ ಪೆಟ್ಟಿಗಿಂತ ದೊಡ್ಡ ಕೆಲಸ. ಇಪಿಎಸ್ ಬೋರ್ಡಿಗೆ ಫೆವಿಕ್ವಿಕ್ ಹಾಕುವುದಂತೂ ಬೇಡ, ಅದು ಥರ್ಮೋಕೋಲನ್ನು ತಿನ್ನುತ್ತದೆ.

ತುರ್ತಿಗೆ ಬಿಸಿಲಿನಲ್ಲಿ ಗಟ್ಟಿಯಾಗುವ ರೆಸಿನ್ ಟ್ಯೂಬ್ ಒಳ್ಳೆಯದು. ನೆರಳಲ್ಲಿ ಹಚ್ಚಿ ಬಿಸಿಲಿಗೆ ತಂದರೆ ಕೆಲವೇ ನಿಮಿಷದಲ್ಲಿ ಗಟ್ಟಿ. ಇಪಿಎಸ್‌ಗೆ ಎಪಾಕ್ಸಿ ಬೋರ್ಡಿಗೆಂದೇ ಮಾಡಿದ್ದನ್ನು ಕೊಳ್ಳಿ.

ಅಂಚಿನಲ್ಲಿ ಅಂಗೈಯಗಲ ಒಡೆದಿದೆ. ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡಲಿ?

ಬೋರ್ಡ್ ಒಣಗಿದೆ, ವ್ಯಾಕ್ಸ್ ಹೋಗಿದೆ ಎಂದಿಟ್ಟುಕೊಳ್ಳೋಣ. ಚೂಪಾದ ಕಟರ್‌ನಿಂದ ಒಡೆದ ಗಾಜನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಕಂದುಬಣ್ಣಕ್ಕೆ ತಿರುಗಿ ಮೆತ್ತಗಾದ ಫೋಮನ್ನೂ ಕೆರೆದುಹಾಕಿ. ಇಲ್ಲಿ ಕೈ ಬಿಗಿ ಹಿಡಿಯಬೇಡಿ, ಕೊಳೆತದ್ದು ಒಂದಿಷ್ಟೂ ಉಳಿಯಬಾರದು. ಆಮೇಲೆ ಸುತ್ತಲೂ ಎರಡು ಮೂರು ಬೆರಳಗಲ, 80ರ ಸ್ಯಾಂಡ್ ಪೇಪರ್‌ನಿಂದ ಹೊಳಪು ಹೋಗುವವರೆಗೆ ಉಜ್ಜಿ. ಹೊಸ ರೆಸಿನ್ ಹಿಡಿಯುವುದು ಈ ಗೀರುಗಳನ್ನೇ. ಉಜ್ಜಿದ ಜಾಗದಾಚೆ ಮಾಸ್ಕಿಂಗ್ ಟೇಪ್ ಅಂಟಿಸಿ.

ಹಳ್ಳ ತುಂಬಲು ರೆಸಿನ್‌ಗೆ ಮೈಕ್ರೋಬಲೂನ್ ಎಂಬ ಹಗುರವಾದ ಗಾಜಿನ ಪುಡಿ ಬೆರೆಸಿ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಮಾಡಿಕೊಳ್ಳಿ. ದೋಣಿಯವರು ಬಳಸುವ ಚಾಕ್ ಪುಡಿಯ ಪುಟ್ಟಿ ಭಾರ, ಅದು ಬೇಡ. ಹಳ್ಳ ಎರಡು ಬೆರಳಿಗಿಂತ ಆಳವಿದ್ದರೆ ಒಂದೇ ಸಲ ತುಂಬಬೇಡಿ. ದಪ್ಪ ರೆಸಿನ್ ಗಟ್ಟಿಯಾಗುವಾಗ ಕಾದು ಫೋಮನ್ನು ಸುಡುತ್ತದೆ, ಬಿರುಕೂ ಬಿಡುತ್ತದೆ. ಅದೇ ಜಾತಿಯ ಫೋಮ್ ತುಂಡು ಕೆತ್ತಿ ಕೂರಿಸಿ, ಸಂದಿಗೆ ಮಾತ್ರ ಈ ಹಿಟ್ಟು ತುಂಬಿ.

ತುಂಬಿದ್ದು ಗಟ್ಟಿಯಾದ ಮೇಲೆ ಅಂಚಿನ ದುಂಡಗೆ ಸರಿಯಾಗಿ ಉಜ್ಜಬೇಕು. ಕಣ್ಣಿಗಿಂತ ಅಂಗೈಯನ್ನು ನಂಬಿ. ಕಣ್ಣು ಮುಚ್ಚಿ ಪೆಟ್ಟಾಗದ ಅಂಚಿನಿಂದ ಇತ್ತ ಕೈ ಜಾರಿಸಿ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಕೈ ಹೇಳುತ್ತದೆ. ಗಾಜಿನ ಬಟ್ಟೆ ಕೂರಲು ಜಾಗ ಬೇಕಾದ್ದರಿಂದ ಸುತ್ತಲಿನ ಮಟ್ಟಕ್ಕಿಂತ ಒಂದು ಎಳೆ ತಗ್ಗಾಗಿಯೇ ಇರಲಿ.

ಈಗ ಗಾಜಿನ ಬಟ್ಟೆಯ ಎರಡು ತುಂಡು, ಒಂದು ಹಳ್ಳದಷ್ಟು, ಇನ್ನೊಂದು ಅದಕ್ಕಿಂತ ಒಂದು ಬೆರಳು ದೊಡ್ಡದು. ಚಿಕ್ಕದನ್ನು ಮೊದಲಿಟ್ಟು ರೆಸಿನ್ ಹಾಕಿ, ಬಿಳಿ ಬಟ್ಟೆ ಪಾರದರ್ಶಕವಾಗುವವರೆಗೆ ನಿಧಾನವಾಗಿ ಒತ್ತಿ. ದೊಡ್ಡದನ್ನು ಮೇಲೆ ಹಾಕಿ, ಹೆಚ್ಚಾದ ರೆಸಿನ್ ಕೆರೆದು ತೆಗೆಯಿರಿ. ಬಲ ಇರುವುದು ಬಟ್ಟೆಯಲ್ಲಿ, ರೆಸಿನ್ ಹೆಚ್ಚಾದರೆ ಭಾರ ಮಾತ್ರ. ರೆಸಿನ್ ಬೆಲ್ಲದ ಪಾಕದ ಹದಕ್ಕೆ ಬಂದು ಇನ್ನೂ ಬಾಗುತ್ತಿರುವಾಗ ಟೇಪಿನ ಅಂಚಿಗೆ ಕಟರ್ ಎಳೆದು ಟೇಪನ್ನು ಕೀಳಿ. ಪೂರ್ತಿ ಗಟ್ಟಿಯಾದ ಮೇಲೆ ಕೀಳಲು ಹೋದರೆ ತೇಪೆಯೇ ಎದ್ದುಬರಬಹುದು.

ಮೇಲೆ ಒಂದು ಕೈ ಬರಿ ರೆಸಿನ್. ಅದು ಒಣಗಿದ ಮೇಲೆ 120, 220, ಆಮೇಲೆ 400, 600ರ ವಾಟರ್ ಪೇಪರ್ ನೀರು ಹಾಕಿ ಉಜ್ಜಿ. ಉಜ್ಜುವಾಗ ಬಟ್ಟೆಯ ನೇಯ್ಗೆ ಕಾಣಿಸತೊಡಗಿದರೆ ಅಲ್ಲೇ ನಿಲ್ಲಿಸಿ, ಇನ್ನೊಂದು ಕೈ ರೆಸಿನ್ ಹಾಕಿ.

ಮರುದಿನವೂ ರೆಸಿನ್ ಮೇಲ್ಮೈ ಅಂಟಂಟಾಗಿದೆ. ಏನು ತಪ್ಪಾಯಿತು?

ಪಾಲಿಯೆಸ್ಟರ್ ಗಾಳಿ ತಾಗುವ ಮೇಲ್ಪದರದಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ. ಕೊನೆಯ ಕೈಗೆ ಮೇಣದ ದ್ರಾವಣ ಸೇರಿಸಿದ ರೆಸಿನ್ ಬೇಕು, ಮೇಣ ಮೇಲಕ್ಕೆ ತೇಲಿ ಗಾಳಿಯನ್ನು ತಡೆಯುತ್ತದೆ. ಅದು ಸಿಗದಿದ್ದರೆ ಹಸಿ ರೆಸಿನ್ ಮೇಲೆ ಒಎಚ್‌ಪಿ ಹಾಳೆಯನ್ನು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಗುಳ್ಳೆಯಿಲ್ಲದಂತೆ ಹಾಸಿ, ಗಟ್ಟಿಯಾದ ಮೇಲೆ ಕಿತ್ತುಬಿಡಿ. ಒಳಗೂ ಮೆತ್ತಗಿದ್ದರೆ ಹಾರ್ಡ್‌ನರ್ ಕಡಿಮೆಯಾಗಿದೆ ಅಥವಾ ಸರಿಯಾಗಿ ಕಲಕಿಲ್ಲ. ಕೆರೆದು ತೆಗೆದು ಹೊಸದಾಗಿ ಮಾಡಬೇಕು.

ಡೆಕ್ ಮೇಲೆ, ಅಂದರೆ ನಾವು ನಿಲ್ಲುವ ಮೇಲ್ಭಾಗದಲ್ಲಿ, ಪದರ ಬಿಟ್ಟುಕೊಂಡಿದೆ, ಒತ್ತಿದರೆ ಕುಗ್ಗುತ್ತದೆ.

ಅಂಗೈಗಿಂತ ಚಿಕ್ಕದಾದರೆ ಎರಡು ತುದಿಗೆ ಒಂದೊಂದು ಸಣ್ಣ ತೂತು ಕೊರೆದು, ಸಿರಿಂಜ್‌ನಿಂದ ಒಂದರಲ್ಲಿ ಎಪಾಕ್ಸಿ ತಳ್ಳಿ. ಇನ್ನೊಂದರಲ್ಲಿ ಅದು ಹೊರಬಂದರೆ ಒಳಗೆ ಹರಡಿದೆ ಎಂದರ್ಥ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರಳು ತುಂಬಿದ ಚೀಲ ಇಟ್ಟು ಒಂದು ರಾತ್ರಿ ಬಿಡಿ. ಮರಳು ಚೀಲ ಬೋರ್ಡಿನ ಉಬ್ಬಿಗೆ ತಕ್ಕಂತೆ ಕೂರುತ್ತದೆ, ಇಟ್ಟಿಗೆ ಕೂರುವುದಿಲ್ಲ. ದೊಡ್ಡದಾದರೆ ಆ ಪದರವನ್ನೇ ಕತ್ತರಿಸಿ ತೆಗೆದು, ಒಣಗಿಸಿ, ಹೊಸ ಬಟ್ಟೆ ಹಾಕಬೇಕು.

ಎರಡು ತುಂಡಾದ ಬೋರ್ಡ್ ಜೋಡಿಸಿದರೆ ಮೊದಲಿನಂತಾಗುತ್ತದೆಯೇ?

ಜೋಡಿಸಬಹುದು, ಮೊದಲಿನಂತಾಗುವುದಿಲ್ಲ. ನಡುವೆ ಭಾರ ಸೇರುತ್ತದೆ, ಅಲ್ಲಿ ಬಾಗುವ ಗುಣ ಹೋಗುತ್ತದೆ. ಕಲಿಯುವವರಿಗೆ, ಸಣ್ಣ ಅಲೆಗೆ ಧಾರಾಳ ಸಾಕು. ಸ್ಟ್ರಿಂಗರ್ ತುದಿಗಳು ಒಂದಕ್ಕೊಂದು ಕೂರುವುದು ಮುಖ್ಯ. ಎರಡೂ ಬದಿಗೆ ನೇರವಾದ ರೀಪು ಕಟ್ಟಿ, ತಳದ ತಿರುವು ಸರಿಯಿದೆಯೇ ನೋಡಿ, ಆಮೇಲೆ ಅಂಟಿಸಿ. ಮೇಲೆ, ಕೆಳಗೆ ಗಾಜಿನ ಬಟ್ಟೆಯ ಅಗಲ ಪಟ್ಟಿಗಳು ಅಂಚನ್ನು ದಾಟಿ ಒಂದರ ಮೇಲೊಂದು ಬೀಳಬೇಕು. ಎರಡನೇ ಪಟ್ಟಿ ಮೊದಲನೆಯದಕ್ಕಿಂತ ಅಗಲವಿರಲಿ. ಎರಡೂ ಒಂದೇ ಗೆರೆಯಲ್ಲಿ ಮುಗಿದರೆ ಮುಂದಿನ ಸಲ ಮುರಿಯುವುದು ಅಲ್ಲೇ.

ಹಳದಿಯಾದದ್ದನ್ನು ಬಿಳಿ ಮಾಡಲು ಏನಾದರೂ ಇದೆಯೇ?

ಇಲ್ಲ. ಬಿಸಿಲಿಗೆ ಫೋಮೂ ರೆಸಿನ್ನೂ ಒಳಗಿನಿಂದಲೇ ಹಳದಿಯಾಗಿವೆ. ಬದಲಿಗೆ ತೇಪೆಯ ರೆಸಿನ್‌ಗೆ ಒಂದು ತೊಟ್ಟು ಹಳದಿ, ಅದಕ್ಕಿಂತ ಕಡಿಮೆ ಕಂದು ಪಿಗ್ಮೆಂಟ್ ಸೇರಿಸಿ ಸುತ್ತಲಿನ ಬಣ್ಣಕ್ಕೆ ಹೊಂದಿಸಿ. ಇಪಿಎಸ್ ಕಾಣುತ್ತಿರುವ ಕಡೆ ಸ್ಪ್ರೇ ಪೇಂಟ್ ಹೊಡೆಯಬೇಡಿ, ಅದರ ದ್ರಾವಕ ಫೋಮ್ ಕರಗಿಸುತ್ತದೆ. ಗಾಢ ಬಣ್ಣವನ್ನೂ ಬಳಿಯಬೇಡಿ, ನಮ್ಮ ಬಿಸಿಲಿಗೆ ಕಪ್ಪು ಬೋರ್ಡ್ ಕಾದು ಪದರ ಏಳುತ್ತದೆ.

ಮೈ ತುರಿಕೆ, ವಾಸನೆಗೆ ಏನು ಮಾಡುವುದು?

ಬಟ್ಟೆಯ ಮಾಸ್ಕ್ ರೆಸಿನ್ ವಾಸನೆಯನ್ನು ತಡೆಯುವುದಿಲ್ಲ. ರಾಸಾಯನಿಕ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಕೊಳ್ಳಿ. ಕೆಲಸ ಮನೆಯೊಳಗೆ ಬೇಡ, ಅಂಗಳದ ನೆರಳಿನಲ್ಲಿ ಮಾಡಿ. ತುಂಬು ತೋಳಿನ ಅಂಗಿ, ಕೈಗವಸು, ಕನ್ನಡಕ ಇರಲಿ. ಗಾಜಿನ ಪುಡಿ ಮೈಗೆ ಬಿದ್ದರೆ ಉಜ್ಜದೆ ತಣ್ಣೀರಲ್ಲಿ ತೊಳೆಯಿರಿ. ಆ ಅಂಗಿಯನ್ನು ಮನೆಯವರ ಬಟ್ಟೆ ಜೊತೆ ಒಗೆಯಲು ಹಾಕಬೇಡಿ. ಕಪ್ಪಿನಲ್ಲಿ ಉಳಿದ ರೆಸಿನ್ ಹೊಗೆಯೇಳುವಷ್ಟು ಕಾಯಬಹುದು, ತಣ್ಣಗಾಗುವವರೆಗೆ ಕಸದ ಬುಟ್ಟಿಗೆ ಹಾಕದೆ ಬಯಲಲ್ಲಿಡಿ.

ಸರ್ಫ್ ಶಾಲೆಗಳ ಮೆತ್ತನೆ ಬೋರ್ಡಿಗೂ ಇದೇ ಕ್ರಮವೇ?

ಅಲ್ಲ. ಸಾಫ್ಟ್‌ಟಾಪ್‌ಗೆ ಗಾಜಿನ ಪದರ ಹಿಡಿಯುವುದಿಲ್ಲ. ಸಣ್ಣ ಸೀಳಿದ್ದರೆ ಒಣಗಿಸಿ, ಬಾಗುವ ಗುಣವಿರುವ ಜಲನಿರೋಧಕ ಅಂಟು ತುಂಬಿ. ನೀರು ಕುಡಿದು ಭಾರವಾಗಿದ್ದರೆ ದುಡ್ಡು ಸುರಿಯಬೇಡಿ.

ಸರಿಯಾದ ಬೋರ್ಡನ್ನು ಯಾವಾಗ ನೀರಿಗಿಳಿಸಬಹುದು, ಎಲ್ಲಿಡಬೇಕು?

ಪಾಲಿಯೆಸ್ಟರ್ ಆದರೆ ಎರಡು ದಿನ ಬಿಡಿ, ಎಪಾಕ್ಸಿಗೆ ಒಂದು ವಾರ. ಮೊದಲ ದಿನ ಸಣ್ಣ ಅಲೆಯಲ್ಲಿ ಅರ್ಧ ಗಂಟೆ ಸಾಕು. ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು ಒರೆಸಿ, ತೇಪೆಯ ಸುತ್ತ ನಾಣ್ಯ ತಟ್ಟಿ ನೋಡಿ, ತೂಗಿ. ದುರಸ್ತಿಗೆ ಮೊದಲು ಒಣಗಿದಾಗಿನ ತೂಕಕ್ಕೆ ರೆಸಿನ್‌ನ ಕೆಲವು ಗ್ರಾಂ ಸೇರಿರುತ್ತದೆ, ಆದ್ದರಿಂದ ನೀರಿಗಿಳಿಸುವ ಮುನ್ನ ಹೊಸ ತೂಕ ಬರೆದುಕೊಂಡಿರಬೇಕು. ನೀರಿನಿಂದ ಬಂದ ಮೇಲೆ ಅದಕ್ಕಿಂತ ಹೆಚ್ಚು ತೋರಿಸಿದರೆ ಎಲ್ಲೋ ಇನ್ನೊಂದು ತೂತಿದೆ. ಇಡುವುದು ನೆರಳಲ್ಲಿ, ಗೋಡೆಗೆ ಹೊಡೆದ ಬಟ್ಟೆ ಸುತ್ತಿದ ಎರಡು ಗೂಟಗಳ ಮೇಲೆ, ಅಡ್ಡಲಾಗಿ. ಒದ್ದೆ ಬೋರ್ಡನ್ನು ಚೀಲಕ್ಕೆ ಹಾಕಿ ಜಿಪ್ ಎಳೆಯಬೇಡಿ.